ಮಸ್ತಿಷ್ಕದ ಮರ್ಮಜ್ಞ ವೈಲ್ಡರ್ ಪೆನ್‌ಫೀಲ್ಡ್

ಮನುಷ್ಯಕುಲವನ್ನು ಕಾಡಿದ ವ್ಯಾಧಿಗಳಲ್ಲಿ ಮೂರ್ಛೆರೋಗದಷ್ಟು ಅಪವಾದಕ್ಕೆ ಗುರಿಯಾದುವು ಕೆಲವೇ. ಆಯುರ್ವೇದದ ಆಚಾರ್ಯರು ಅದನ್ನು ಅಪಸ್ಮಾರವೆಂದು ಕರೆದರು. ಸ್ಮೃತಿಯು ದೂರ ಸರಿಯುವುದೆಂದು ಆ ಶಬ್ದದ ಅರ್ಥ. ಶಾಸ್ತ್ರಕಾರರು ಅದನ್ನು ರೋಗವೆಂದೇ ಎಣಿಸಿ ಚಿಕಿತ್ಸೆಯನ್ನು ವಿಧಿಸಿದ್ದರೂ ಜನಸಾಮಾನ್ಯರು ಅದನ್ನು ಗಾಳಿಯೆಂದೂ ಗ್ರಹವೆಂದೂ ಶಾಪವೆಂದೂ ಭಾವಿಸುತ್ತ ಬಂದರು. ಸಂತೆಯ ದಾರಿಯಲ್ಲಿ ಒಬ್ಬನು ಸೆಳವು ಬಂದು ಬಿದ್ದರೆ ಅವನ ಮುಷ್ಟಿಯಲ್ಲಿ ಕೀಲಿಕೈಗಳ ಗೊಂಚಲನ್ನಿಡುವುದು, ಮೂಗಿಗೆ ಉಳ್ಳಾಗಡ್ಡಿಯನ್ನು ಹಿಡಿಯುವುದು ಹುಬ್ಬಳ್ಳಿ-ಧಾರವಾಡದ ಸೀಮೆಯಲ್ಲಿ ಇಂದಿಗೂ ಅಪರೂಪವಲ್ಲ. ಆದರೆ ಸೆಳವು ಬರುವುದಕ್ಕೆ ಮುಂಚೆ ಅವನಿಗೆ ಏನು ಕಂಡಿತು, ಏನು ಕೇಳಿಸಿತು, ಯಾವ ಬೆರಳು ಮೊದಲು ನಡುಗಿತು ಎಂದು ಅವನನ್ನೇ ವಿಚಾರಿಸುವವರು ವಿರಳ. ಹಾಗೆ ವಿಚಾರಿಸುವುದನ್ನೇ ಒಂದು ಶಾಸ್ತ್ರವಾಗಿ ಬೆಳೆಸಿ, ಎಚ್ಚರವಾಗಿರುವ ರೋಗಿಯ ತೆರೆದ ಮಿದುಳಿಗೆ ವಿದ್ಯುತ್ತಿನ ಮೊನೆಯನ್ನು ಸೋಂಕಿಸಿ, ಅವನ ಬಾಯಿಂದಲೇ ಉತ್ತರವನ್ನು ಪಡೆದ ಮಹಾವೈದ್ಯರು ಕೆನಡಾ ದೇಶದ ವೈಲ್ಡರ್ ಪೆನ್‌ಫೀಲ್ಡ್. ಮಿದುಳಿನೊಳಗೆ ಎಲೆಕ್ಟ್ರೋಡ್‌ಗಳೆಂಬ ಸೂಕ್ಷ್ಮ ವಿದ್ಯುದ್ವಾರಗಳನ್ನು ನೆಟ್ಟು ನರಕೋಶಗಳ ವ್ಯಾಪಾರವನ್ನು ದಾಖಲಿಸುವ ಹಾಗೂ ತಿದ್ದುವ ಇಂದಿನ ವಿದ್ಯೆಯ ಬೇರುಗಳನ್ನು ಅರಸಿ ಹೊರಟವರು ಅವರ ಶಸ್ತ್ರಶಾಲೆಯ ಬಾಗಿಲಿಗೂ ಬಂದು ನಿಲ್ಲಲೇಬೇಕಾಗುತ್ತದೆ.

ಪೆನ್‌ಫೀಲ್ಡ್ ಅವರು 1891ನೆಯ ಇಸವಿ ಜನವರಿ 26ರಂದು ಅಮೆರಿಕ ಸಂಯುಕ್ತ ಸಂಸ್ಥಾನದ ವಾಷಿಂಗ್ಟನ್ ಪ್ರಾಂತದ ಸ್ಪೋಕೇನ್ ಎಂಬ ಊರಿನಲ್ಲಿ ಜನಿಸಿದರು. ಅಜ್ಜ ವೈದ್ಯರು, ತಂದೆಯೂ ವೈದ್ಯರು. ಆದರೆ ತಂದೆಗೆ ವೃತ್ತಿ ಕೈಹತ್ತಲಿಲ್ಲ, ಸಂಸಾರ ಒಡೆಯಿತು. 1899ರಲ್ಲಿ ತಾಯಿ ಜೀನ್ ಜೆಫರ್ಸನ್ ಅವರು ಮಕ್ಕಳೊಡನೆ ವಿಸ್ಕಾನ್ಸಿನ್ ಪ್ರಾಂತದ ಹಡ್ಸನ್ ಎಂಬ ಊರಿನಲ್ಲಿದ್ದ ತವರುಮನೆಗೆ ಬಂದರು. ಆಗ ವೈಲ್ಡರನಿಗೆ ಎಂಟು ವರ್ಷ. ಕೈಯಲ್ಲಿ ಹಣವಿಲ್ಲದಿದ್ದರೂ ಆ ತಾಯಿಗೆ ವಿದ್ಯೆಯಲ್ಲಿ ಅಚಲವಾದ ಶ್ರದ್ಧೆಯಿತ್ತು. ಹಡ್ಸನ್ನಿನಲ್ಲಿ ಬಾಲಕರಿಗಾಗಿ ಗ್ಯಾಲಹಾಡ್ ಎಂಬ ಶಾಲೆ ಸ್ಥಾಪನೆಗೊಂಡಾಗ ಅದಕ್ಕಾಗಿ ದುಡಿದವರಲ್ಲಿ ಅವರೂ ಒಬ್ಬರು. ಮಗನೂ ಅಲ್ಲಿಯೇ ಓದಿದ. ಮಗನಿಗೆ ಹದಿಮೂರು ವರ್ಷವಾಗಿದ್ದಾಗ, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಓದಲು ರೋಡ್ಸ್ ವಿದ್ಯಾರ್ಥಿವೇತನವೆಂಬುದೊಂದು ದೊರೆಯುವುದೆಂದು ತಿಳಿದ ತಾಯಿ ಅದನ್ನೇ ಅವನ ಗುರಿಯಾಗಿ ನಿಲ್ಲಿಸಿದರು. ಪಾಠದಲ್ಲಿ ಮಾತ್ರವಲ್ಲದೆ ಆಟದಲ್ಲೂ ನಾಯಕತ್ವದಲ್ಲೂ ಮುಂದಿದ್ದವರಿಗೆ ಸಲ್ಲುವ ವೇತನವದು. ಆ ಗುರಿ ಕೈಗೂಡಲು ಹತ್ತು ವರ್ಷಗಳ ಸಾಧನೆ ಬೇಕಾಯಿತು.

ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಿಂದ 1913ರಲ್ಲಿ ಪದವೀಧರರಾದ ಪೆನ್‌ಫೀಲ್ಡ್, ಮುಂದಿನ ವ್ಯಾಸಂಗದ ವೆಚ್ಚಕ್ಕಾಗಿ ಅಲ್ಲಿಯ ಫುಟ್‌ಬಾಲ್ ತಂಡಕ್ಕೆ ತರಬೇತಿ ನೀಡುವ ಕೆಲಸವನ್ನೂ ಮಾಡಿದರು. ರೋಡ್ಸ್ ವಿದ್ಯಾರ್ಥಿವೇತನ ಲಭಿಸಿ ಆಕ್ಸ್‌ಫರ್ಡಿನ ಮರ್ಟನ್ ಕಾಲೇಜನ್ನು ಸೇರಿದಾಗ ಯುರೋಪಿನಲ್ಲಿ ಮೊದಲ ಮಹಾಯುದ್ಧ ನಡೆದಿತ್ತು. ಅಲ್ಲಿ ಅವರಿಗೆ ಇಬ್ಬರು ಗುರುಗಳು ದೊರೆತರು. ಒಬ್ಬರು ವೈದ್ಯಶಿರೋಮಣಿಗಳೆನಿಸಿದ್ದ ವಿಲಿಯಂ ಆಸ್ಲರ್. ರೋಗಿಯ ಬಳಿ ಕುಳಿತು ಅವನ ಮಾತನ್ನು ಕೇಳುವುದೇ ವೈದ್ಯನ ಪ್ರಥಮ ಪಾಠವೆಂಬುದನ್ನು ನಡೆದು ತೋರಿಸಿದವರು. ಮತ್ತೊಬ್ಬರು ನರಮಂಡಲದ ಕ್ರಿಯೆಗಳನ್ನು ಪ್ರಯೋಗಗಳಿಂದ ಬಿಡಿಸಿ ತೋರಿಸಿದ, ಮುಂದೆ 1932ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಚಾರ್ಲ್ಸ್ ಶೆರಿಂಗ್ಟನ್. ಮಿದುಳೆಂಬುದು ಮನುಷ್ಯನು ಇನ್ನೂ ಕಾಲಿಡದ ಸೀಮೆಯೆಂಬ ಅರಿವು ಪೆನ್‌ಫೀಲ್ಡ್ ಅವರಿಗೆ ಮೂಡಿದ್ದು ಶೆರಿಂಗ್ಟನ್ ಅವರ ಪ್ರಯೋಗಶಾಲೆಯಲ್ಲಿ. 1916ನೆಯ ಮಾರ್ಚ್ 24ರಂದು ಅವರು ಪ್ರಯಾಣಿಸುತ್ತಿದ್ದ ಸಸೆಕ್ಸ್ ಎಂಬ ಹಡಗು ಇಂಗ್ಲಿಷ್ ಕಡಲ್ಗಾಲುವೆಯಲ್ಲಿ ಜರ್ಮನ್ ಜಲಾಂತರ್ಗಾಮಿಯ ಹೊಡೆತಕ್ಕೆ ಸಿಕ್ಕಿತು. ಅವರ ಕಾಲಿಗೆ ತೀವ್ರ ಗಾಯವಾಯಿತು. ಚೇತರಿಸಿಕೊಳ್ಳುವ ದಿನಗಳಲ್ಲಿ ಆಸ್ಲರ್ ದಂಪತಿಗಳು ಅವರನ್ನು ತಮ್ಮ ಮನೆಯಲ್ಲಿಯೇ ಇರಿಸಿಕೊಂಡು ಆರೈಕೆ ಮಾಡಿದರು.

1918ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಿಂದ ವೈದ್ಯಪದವಿ ಪಡೆದ ಮೇಲೂ ಪೆನ್‌ಫೀಲ್ಡ್ ಅವರ ವಿದ್ಯಾರ್ಥಿದೆಸೆ ಮುಗಿಯಲಿಲ್ಲ. ಬಾಸ್ಟನ್ನಿನಲ್ಲಿ ಮಿದುಳಿನ ಶಸ್ತ್ರವೈದ್ಯದ ಪಿತಾಮಹರೆನಿಸಿದ ಹಾರ್ವಿ ಕುಶಿಂಗ್ ಅವರ ಕೈಕೆಳಗೆ, ಪುನಃ ಆಕ್ಸ್‌ಫರ್ಡಿನಲ್ಲಿ, ಬಳಿಕ ಲಂಡನ್ನಿನಲ್ಲಿ ಅಭ್ಯಾಸ ಮಾಡಿ, 1921ರಿಂದ ನ್ಯೂಯಾರ್ಕಿನಲ್ಲಿ ಶಸ್ತ್ರವೈದ್ಯರಾದರು. 1924ರಲ್ಲಿ ವೃತ್ತಿಯನ್ನು ಕೆಲಕಾಲ ಬದಿಗಿರಿಸಿ, ಸ್ಪೇನ್ ದೇಶದ ಮ್ಯಾಡ್ರಿಡ್ ನಗರಕ್ಕೆ ಹೋಗಿ, ಪೀಯೊ ದೆಲ್ ರಿಯೊ ಓರ್ತೇಗಾ ಎಂಬ ಸೂಕ್ಷ್ಮದರ್ಶಕ ಪಂಡಿತರಲ್ಲಿ ನರಕೋಶಗಳಿಗೆ ಬೆಳ್ಳಿಯ ಲವಣಗಳಿಂದ ಬಣ್ಣವೇರಿಸುವ ಕೌಶಲವನ್ನು ಕಲಿತರು. ಗಾಯಗೊಂಡ ಮಿದುಳು ಮಾಯುವಾಗ ಉಳಿಯುವ ಕಲೆ ಹೇಗೆ ಮೂರ್ಛೆಗೆ ಮೂಲವಾಗುತ್ತದೆಂಬುದು ಅವರನ್ನು ಬಿಡದೆ ಕಾಡುತ್ತಿದ್ದ ಪ್ರಶ್ನೆ. ಇದಕ್ಕೆ ಉತ್ತರವನ್ನು ಅರಸಿ 1928ರಲ್ಲಿ ಅಂದು ಜರ್ಮನಿಗೆ ಸೇರಿದ್ದ ಬ್ರೆಸ್ಲೌ ನಗರದ ಓಟ್‌ಫ್ರಿಡ್ ಫರ್ಸ್ಟರ್ ಅವರಲ್ಲಿಗೆ ಹೋದರು. ಯುದ್ಧದಲ್ಲಿ ತಲೆಗೆ ಪೆಟ್ಟುಬಿದ್ದು ಮೂರ್ಛೆಗೆ ತುತ್ತಾಗಿದ್ದ ಸೈನಿಕರಿಗೆ ಫರ್ಸ್ಟರ್ ಅವರು ಸ್ಥಳೀಯ ಅರಿವಳಿಕೆಯನ್ನು ಮಾತ್ರ ಕೊಟ್ಟು, ಮಿದುಳನ್ನು ವಿದ್ಯುತ್ತಿನಿಂದ ಪರೀಕ್ಷಿಸಿ, ಕಲೆಗಟ್ಟಿದ ಭಾಗವನ್ನು ಕತ್ತರಿಸಿ ತೆಗೆಯುತ್ತಿದ್ದರು. ಹೀಗೆ ವಿದ್ಯುತ್ತಿನಿಂದ ಮಿದುಳನ್ನು ಕೆಣಕುವುದು ಪೆನ್‌ಫೀಲ್ಡ್ ಅವರು ಕಂಡುಹಿಡಿದದ್ದಲ್ಲ. 1870ರಲ್ಲಿಯೇ ಬರ್ಲಿನ್ನಿನ ಫ್ರಿಟ್ಷ್ ಮತ್ತು ಹಿಟ್ಸಿಗ್ ಎಂಬಿಬ್ಬರು ನಾಯಿಯ ಮಿದುಳಿಗೆ ವಿದ್ಯುತ್ತನ್ನು ಹಾಯಿಸಿ ಕಾಲು ಅದುರುವುದನ್ನು ತೋರಿಸಿದ್ದರು. ಕುಶಿಂಗ್ ಅವರೂ 1909ರಲ್ಲಿ ಎಚ್ಚರವಿದ್ದ ರೋಗಿಗಳ ಮಿದುಳನ್ನು ಹೀಗೆ ಪರೀಕ್ಷಿಸಿದ್ದರು. ಗುರುಗಳಿಂದ ಬಂದ ವಿದ್ಯೆಯನ್ನು ಪೂರ್ಣಗೊಳಿಸಿದ್ದು ಪೆನ್‌ಫೀಲ್ಡ್ ಅವರ ಹಿರಿಮೆ.

ಅದೇ ವರ್ಷ ಕೆನಡಾದ ಮಾಂಟ್ರಿಯಲ್ ನಗರದ ಎಡ್ವರ್ಡ್ ಆರ್ಚಿಬಾಲ್ಡ್ ಎಂಬ ಹಿರಿಯ ಶಸ್ತ್ರವೈದ್ಯರು ಅವರನ್ನು ಮೆಕ್‌ಗಿಲ್ ವಿಶ್ವವಿದ್ಯಾಲಯಕ್ಕೂ ರಾಯಲ್ ವಿಕ್ಟೋರಿಯಾ ಆಸ್ಪತ್ರೆಗೂ ಬರಮಾಡಿಕೊಂಡರು. ಸಹೋದ್ಯೋಗಿ ವಿಲಿಯಂ ಕೋನ್ ಅವರೊಡನೆ ಅಲ್ಲಿಗೆ ಬಂದು ಕೆಲವು ತಿಂಗಳು ಕಳೆಯುವುದರೊಳಗೆ ಪೆನ್‌ಫೀಲ್ಡ್ ಅವರ ಬಾಳಿನ ಅತ್ಯಂತ ಕಠಿಣವಾದ ಪರೀಕ್ಷೆ ಎದುರಾಯಿತು. ಒಡಹುಟ್ಟಿದ ಅಕ್ಕ ರೂತ್ ಎಳವೆಯಿಂದಲೂ ಮೂರ್ಛೆಯಿಂದ ನರಳುತ್ತಿದ್ದರು. 1928ರ ಕೊನೆಯಲ್ಲಿ ತಲೆಶೂಲೆ ಹೆಚ್ಚಿ ದೃಷ್ಟಿಯೂ ಮಂದವಾಗತೊಡಗಿತು. ತಮ್ಮನು ಪರೀಕ್ಷಿಸಿದಾಗ ಮಿದುಳಿನ ಮುಂಭಾಗದಲ್ಲಿ ಗಡ್ಡೆಯಿರುವುದು ಸ್ಪಷ್ಟವಾಯಿತು. ಸ್ವಂತದವರ ಮೇಲೆ ಶಸ್ತ್ರವನ್ನೆತ್ತಬಾರದೆಂಬುದು ವೈದ್ಯರ ರೂಢಿ. ಆದರೆ ಕಾಲಹರಣಕ್ಕೆ ಆಸ್ಪದವಿರಲಿಲ್ಲ. ಹಿರಿಯರೊಡನೆ ಆಲೋಚಿಸಿ, ಆ ವರ್ಷದ ಡಿಸೆಂಬರಿನಲ್ಲಿ ಅವರೇ ಶಸ್ತ್ರವನ್ನು ಕೈಗೆತ್ತಿಕೊಂಡರು. ಗಡ್ಡೆಯೊಡನೆ ಬಲಬದಿಯ ಮುಂಭಾಗದ ಹಾಲೆಯ ಬಹುಭಾಗವನ್ನೇ ತೆಗೆಯಬೇಕಾಯಿತು. ಅಷ್ಟಾದರೂ ಆಳದಲ್ಲಿದ್ದ ಬೇರನ್ನು ಮುಟ್ಟಲಾಗಲಿಲ್ಲ; ಮುಂದುವರಿದಿದ್ದರೆ ಪ್ರಾಣವೇ ಹೋಗುತ್ತಿತ್ತು.

ರೂತ್ ಚೇತರಿಸಿಕೊಂಡು ಪತಿ ಮಕ್ಕಳ ಬಳಿಗೆ ಮರಳಿದರು. ಮಾತು, ನಗೆ, ಮಮತೆ ಯಾವುದಕ್ಕೂ ಕುಂದಿರಲಿಲ್ಲ. ಕೆಲವು ತಿಂಗಳುಗಳ ನಂತರ ತಮ್ಮನು ಅವರ ಮನೆಗೆ ಹೋದಾಗ ಅಕ್ಕ ಅಡಿಗೆ ಮಾಡಿ ಬಡಿಸಲು ಉತ್ಸಾಹದಿಂದ ಸಿದ್ಧರಾದರು. ಅತಿಥಿಯೊಬ್ಬರು, ಮನೆಯವರು ನಾಲ್ವರು; ಹಿಂದೆ ಅವರಿಗೆ ಅದು ಸುಲಭದ ಕೆಲಸ. ಊಟದ ಹೊತ್ತಿಗೆ ನೋಡಿದರೆ ಸಾಮಗ್ರಿಗಳೆಲ್ಲ ಅಡಿಗೆಮನೆಯಲ್ಲಿದ್ದುವು. ಒಂದೆರಡು ಪದಾರ್ಥಗಳು ಒಲೆಯ ಮೇಲಿದ್ದುವು. ಆದರೆ ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಎಂಬ ಕ್ರಮ ಅವರಿಗೆ ಹೊಳೆಯದೆ ದಿಗ್ಭ್ರಮೆಗೊಂಡು ನಿಂತಿದ್ದರು. ಕೈ ಹಚ್ಚಿ ನೆರವಾದೊಡನೆ ಸರಿಹೋದರು. ಮುಂಭಾಗದ ಹಾಲೆಯು ಮಾಡುವ ಕೆಲಸವೇನೆಂಬ ಪ್ರಶ್ನೆಗೆ ಗ್ರಂಥಗಳಲ್ಲಿ ದೊರೆಯದ ಉತ್ತರ ಅಕ್ಕನ ಅಡಿಗೆಮನೆಯಲ್ಲಿ ದೊರೆಯಿತು. ಅದಕ್ಕೆ ತೆತ್ತ ಬೆಲೆಯೂ ಕಣ್ಣಮುಂದಿತ್ತು. ಗಡ್ಡೆ ಮತ್ತೆ ಬೆಳೆಯಿತು. ಕುಶಿಂಗ್ ಅವರು ಮತ್ತೊಮ್ಮೆ ಶಸ್ತ್ರಚಿಕಿತ್ಸೆ ಮಾಡಿದರೂ ಫಲವಾಗದೆ 1931ರಲ್ಲಿ ರೂತ್ ತೀರಿಕೊಂಡರು. 1935ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಪೆನ್‌ಫೀಲ್ಡ್ ಅವರು ಇತರ ರೋಗಿಗಳ ವೃತ್ತಾಂತಗಳ ಸಾಲಿನಲ್ಲಿ ಅಕ್ಕನ ವೃತ್ತಾಂತವನ್ನೂ ನಿರ್ಲಿಪ್ತರಾಗಿ ಬರೆದಿಟ್ಟರು.

ಒಬ್ಬ ಶಸ್ತ್ರವೈದ್ಯನ ಕೈಚಳಕವೊಂದೇ ಸಾಲದು. ಶಸ್ತ್ರವೈದ್ಯ, ನರವೈದ್ಯ, ಶರೀರಕ್ರಿಯಾಪಂಡಿತ, ಮನಶ್ಶಾಸ್ತ್ರಜ್ಞ, ಸೂಕ್ಷ್ಮದರ್ಶಕದ ಪರಿಣತ ಎಲ್ಲರೂ ಒಂದೇ ಸೂರಿನ ಕೆಳಗೆ ದುಡಿದರೆ ಮಾತ್ರ ಮಿದುಳಿನ ವ್ಯಾಧಿಗಳು ಸೋಲುವುವೆಂಬ ನಿಶ್ಚಯ ಅಕ್ಕನ ಮರಣದಿಂದ ದೃಢವಾಯಿತು. ಇದಕ್ಕಾಗಿ ಅವರು ದಾನಿಗಳ ಬಾಗಿಲಿಗೆ ಹೋದರು, ನಿರಾಕರಣೆಯನ್ನೂ ಉಂಡರು. ಕಡೆಗೆ 1932ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನವು ಹನ್ನೆರಡು ಲಕ್ಷ ಡಾಲರುಗಳಿಗೂ ಮಿಕ್ಕ ನಿಧಿಯನ್ನು ನೀಡಿತು. ಜಗತ್ತು ಆರ್ಥಿಕ ಮುಗ್ಗಟ್ಟಿನಲ್ಲಿ ನರಳುತ್ತಿದ್ದ ಕಾಲವದು. ಮಾಂಟ್ರಿಯಲ್ ನಗರಸಭೆ, ಕ್ವಿಬೆಕ್ ಪ್ರಾಂತದ ಸರಕಾರ ಹಾಗೂ ಊರ ಉದಾರಿಗಳು ಕೈಜೋಡಿಸಿದರು. 1934ನೆಯ ಸೆಪ್ಟೆಂಬರಿನಲ್ಲಿ ಮಾಂಟ್ರಿಯಲ್ ನರವಿಜ್ಞಾನ ಸಂಸ್ಥೆ ಬಾಗಿಲು ತೆರೆಯಿತು. ಇಂಗ್ಲಿಷ್ ಭಾಷಿಕರೂ ಫ್ರೆಂಚ್ ಭಾಷಿಕರೂ ಕೂಡಿ ಬಾಳುವ ಆ ನಗರದಲ್ಲಿ ರೋಗಿಯ ಭಾಷೆಯನ್ನರಿಯದೆ ಚಿಕಿತ್ಸೆ ಸಾಗದು. ಪೆನ್‌ಫೀಲ್ಡ್ ಅವರ ಚಿಕಿತ್ಸಾಕ್ರಮಕ್ಕಂತೂ ರೋಗಿಯ ಮಾತೇ ಜೀವಾಳ.

ಆ ಕ್ರಮದ ರೀತಿಯಿದು. ನೆತ್ತಿಯ ಚರ್ಮಕ್ಕೆ ಮಾತ್ರ ಅರಿವಳಿಕೆಯ ಮದ್ದನ್ನು ಚುಚ್ಚಿ ತಲೆಬುರುಡೆಯ ಒಂದು ಭಾಗವನ್ನು ಬಾಗಿಲಿನಂತೆ ತೆರೆಯಲಾಗುತ್ತಿತ್ತು. ದೇಹದ ನೋವೆಲ್ಲವನ್ನೂ ಅರಿಯುವ ಮಿದುಳಿಗೆ ತನ್ನದೇ ಆದ ನೋವಿಲ್ಲ. ಆದುದರಿಂದ ರೋಗಿ ಎಚ್ಚರವಾಗಿಯೇ ಮಲಗಿರಬಲ್ಲ, ಮಾತನಾಡಬಲ್ಲ. ಕೆಲವೇ ವೋಲ್ಟುಗಳಷ್ಟು ಮೃದುವಾದ ವಿದ್ಯುತ್ತನ್ನು ಹೊತ್ತ ಎಲೆಕ್ಟ್ರೋಡನ್ನು ವೈದ್ಯರು ಮಿದುಳಿನ ಹೊರಪದರದ ಒಂದೊಂದು ಬಿಂದುವಿಗೂ ಸೋಂಕಿಸುತ್ತಿದ್ದರು. ಒಂದೆಡೆ ಮುಟ್ಟಿದರೆ ಹೆಬ್ಬೆರಳು ಅದುರುವುದು. ಮತ್ತೊಂದೆಡೆ ಮುಟ್ಟಿದರೆ ತುಟಿ ಜುಮ್ಮೆನ್ನುವುದು. ಹಿಂಭಾಗದಲ್ಲಿ ಮುಟ್ಟಿದರೆ ಬೆಳಕಿನ ಕಿಡಿಗಳು ಕಾಣುವುವು. ಎಡಬದಿಯ ಕೆಲವೆಡೆ ಮುಟ್ಟಿದರೆ ಚಿತ್ರದಲ್ಲಿರುವ ವಸ್ತುವನ್ನು ಗುರುತಿಸಿದರೂ ಹೆಸರು ಬಾಯಿಗೆ ಬಾರದು. ಉತ್ತರ ಬಂದ ಪ್ರತಿಯೊಂದು ಬಿಂದುವಿನ ಮೇಲೂ ಸಂಖ್ಯೆ ಬರೆದ ಪುಟ್ಟ ಚೀಟಿಯನ್ನಿಡುವರು, ಗಾಜಿನಾಚೆ ಕುಳಿತ ಲಿಪಿಕಾರರು ರೋಗಿಯ ಮಾತನ್ನು ಅಕ್ಷರಶಃ ಬರೆದುಕೊಳ್ಳುವರು, ಛಾಯಾಚಿತ್ರವನ್ನೂ ತೆಗೆಯುವರು. ಯಾವ ಬಿಂದುವನ್ನು ಮುಟ್ಟಿದಾಗ ರೋಗಿಗೆ ತನ್ನ ಸೆಳವಿನ ಮುನ್ಸೂಚನೆಯೇ ಮರುಕಳಿಸುವುದೋ ಅಲ್ಲಿ ವ್ಯಾಧಿಯ ಮೂಲವನ್ನು ಶಂಕಿಸಬಹುದು. ಮಾತು, ಕೈಕಾಲುಗಳ ಚಲನೆ ಇವುಗಳ ನೆಲೆಗಳನ್ನು ಗುರುತಿಸಿ ಅವನ್ನು ಕಾಪಾಡಿಕೊಂಡು ಕೆಟ್ಟ ಭಾಗವನ್ನಷ್ಟೇ ತೆಗೆಯಬಹುದು.

ಹೀಗೆ ಚಿಕಿತ್ಸೆಗೆಂದು ಕೇಳಿದ ಪ್ರಶ್ನೆಗಳಿಂದಲೇ ಶಾಸ್ತ್ರವೂ ಬೆಳೆಯಿತು. 1937ರಲ್ಲಿ ಎಡ್ವಿನ್ ಬೋಲ್ಡ್ರೆ ಅವರೊಡನೆ ಪ್ರಕಟಿಸಿದ ಪ್ರಬಂಧದಲ್ಲಿ 163 ಶಸ್ತ್ರಚಿಕಿತ್ಸೆಗಳ ಉತ್ತರಗಳನ್ನು ಕ್ರೋಡೀಕರಿಸಿ, ದೇಹದ ಯಾವ ಅಂಗಕ್ಕೆ ಹೊರಪದರದ ಯಾವ ಎಡೆ ಮೀಸಲೆಂಬ ನಕಾಶೆಯನ್ನು ಪೆನ್‌ಫೀಲ್ಡ್ ಮುಂದಿಟ್ಟರು. ಅದನ್ನು ವಾಮನಾಕೃತಿಯ ಮಾನವನೊಬ್ಬನ ರೂಪದಲ್ಲಿ ಚಿತ್ರಿಸಲಾಯಿತು. ಆ ವಾಮನನಿಗೆ ಮುಂಡ ಚಿಕ್ಕದು, ತೊಡೆ ಸಣ್ಣದು. ತುಟಿ, ನಾಲಗೆ, ಹೆಬ್ಬೆರಳುಗಳು ಮಾತ್ರ ಭೀಮಾಕಾರ. ಮಿದುಳು ಅಂಗಗಳಿಗೆ ಸ್ಥಳ ಹಂಚುವಾಗ ಗಾತ್ರವನ್ನು ನೋಡದೆ ಕೆಲಸದ ನಯವನ್ನು ನೋಡುತ್ತದೆಂಬ ತತ್ತ್ವ ಆ ವಿಕಾರ ಚಿತ್ರದಿಂದ ಶಾಲೆಯ ಮಕ್ಕಳಿಗೂ ಮನಗಾಣುತ್ತದೆ. ಮುಂದಿನ ಸಂಶೋಧಕರು ಆ ನಕಾಶೆಯ ಗಡಿಗಳನ್ನು ತಿದ್ದಿದ್ದಾರಾದರೂ ಅದು ಇಂದಿಗೂ ಪಠ್ಯಗ್ರಂಥಗಳಲ್ಲಿ ಅಚ್ಚಾಗುತ್ತಿದೆ.

ಮಿದುಳಿಗೆ ವಿದ್ಯುತ್ತನ್ನು ಕೊಡುವುದು ಒಂದು ಮಾರ್ಗವಾದರೆ ಮಿದುಳಿನಿಂದಲೇ ಹೊಮ್ಮುವ ವಿದ್ಯುತ್ತನ್ನು ಆಲಿಸುವುದು ಮತ್ತೊಂದು. ನರಕೋಶಗಳು ತಮ್ಮತಮ್ಮೊಳಗೆ ಸುದ್ದಿ ಮುಟ್ಟಿಸುವುದು ಅತಿ ಕ್ಷೀಣವಾದ ವಿದ್ಯುತ್ ಮಿಡಿತಗಳಿಂದ. ಜರ್ಮನಿಯ ಹಾನ್ಸ್ ಬರ್ಗರ್ ಅವರು ಮನುಷ್ಯನ ತಲೆಯ ಹೊರಗಿನಿಂದಲೇ ಆ ಅಲೆಗಳನ್ನು ಬರೆದುಕೊಳ್ಳಬಹುದೆಂದು 1929ರಲ್ಲಿ ಪ್ರಕಟಿಸಿದ್ದರು. ಈ ವಿದ್ಯೆಯಲ್ಲಿ ನುರಿತ ಹರ್ಬರ್ಟ್ ಜಾಸ್ಪರ್ ಅವರು 1930ರ ದಶಕದ ಕೊನೆಯಲ್ಲಿ ಮಾಂಟ್ರಿಯಲ್ ಸಂಸ್ಥೆಯನ್ನು ಸೇರಿದರು. ಆದರೆ ತಲೆಬುರುಡೆಯ ಹೊರಗಿನಿಂದ ಆಲಿಸುವುದೆಂದರೆ ಗೋಡೆಯಾಚೆಯ ಸಭೆಯ ಗದ್ದಲವನ್ನು ಕೇಳಿದಂತೆ. ಮಾತನಾಡಿದವರು ಯಾರೆಂದು ತಿಳಿಯದು. ಜಾಸ್ಪರ್ ಅವರ ನೆರವಿನಿಂದ ತೆರೆದ ಮಿದುಳಿನ ಮೇಲೆಯೇ ಎಲೆಕ್ಟ್ರೋಡ್‌ಗಳನ್ನಿಟ್ಟು ಅಲೆಗಳನ್ನು ದಾಖಲಿಸುವುದು ಅಲ್ಲಿಯ ಪದ್ಧತಿಯಾಯಿತು. 1939ರಲ್ಲಿ ಅವರು ಇನ್ನೂ ಒಂದು ಹೆಜ್ಜೆ ಮುಂದಿಟ್ಟರು. ತಲೆಬುರುಡೆಯಲ್ಲಿ ಸಣ್ಣ ರಂಧ್ರಗಳನ್ನು ಕೊರೆದು ಮಿದುಳಿನ ಪೊರೆಯ ಮೇಲೆ ಎಲೆಕ್ಟ್ರೋಡ್‌ಗಳನ್ನು ಇರಿಸಿ, ರೋಗಿಯನ್ನು ಶಸ್ತ್ರಶಾಲೆಯಿಂದ ಹೊರತಂದ ಮೇಲೂ ಅಲೆಗಳನ್ನು ಬರೆದುಕೊಂಡರು. ಮಿದುಳಿನ ಬಳಿ ಎಲೆಕ್ಟ್ರೋಡನ್ನು ಇರಿಸಿ ಕಾಯುವ ಇಂದಿನ ಕ್ರಮಕ್ಕೆ ಅದು ಆರಂಭದ ಮೆಟ್ಟಿಲುಗಳಲ್ಲೊಂದು. 1954ರಲ್ಲಿ ಇಬ್ಬರೂ ಕೂಡಿ ಬರೆದ ಅಪಸ್ಮಾರದ ಬೃಹದ್ಗ್ರಂಥವು ಆ ವಿಷಯಕ್ಕೆ ಆಕರಗ್ರಂಥವೆನಿಸಿತು.

ಕಣತಲೆಯ ಒಳಬದಿಯಲ್ಲಿರುವ ಟೆಂಪೊರಲ್ ಹಾಲೆಯನ್ನು ಮುಟ್ಟಿದಾಗ ಬಂದ ಉತ್ತರಗಳು ಎಲ್ಲಕ್ಕಿಂತ ವಿಸ್ಮಯಕರ. ಬಾಲಕಿಯೊಬ್ಬಳು ಚಿಕ್ಕಂದಿನಲ್ಲಿ ಹುಲ್ಲುಗಾವಲಿನಲ್ಲಿ ನಡೆಯುತ್ತಿದ್ದಾಗ ಹಾವುಗಳ ಚೀಲವಿದೆಯೆಂದು ಹೆದರಿಸಿದ ಅಪರಿಚಿತನನ್ನು ಪ್ರತಿಯೊಂದು ಸೆಳವಿನ ಆರಂಭದಲ್ಲೂ ಕಾಣುತ್ತಿದ್ದಳು. ಎಲೆಕ್ಟ್ರೋಡ್ ಸೋಂಕಿದೊಡನೆ ಅದೇ ದೃಶ್ಯ ಕಣ್ಣಮುಂದೆ ಬಂದು ನಿಂತಿತು. ಮತ್ತೊಬ್ಬರಿಗೆ ವಾದ್ಯವೃಂದದ ಸಂಗೀತ ಕೇಳಿಸಿತು. ಕೋಣೆಯಲ್ಲಿ ಗ್ರಾಮಫೋನ್ ಇಟ್ಟಿರಬೇಕೆಂದೇ ಅವರು ನಂಬಿದರು. ಕಳೆದ ದಿನಗಳೆಲ್ಲ ಮಿದುಳಿನಲ್ಲಿ ಒಂದೂ ಅಳಿಯದೆ ಅಚ್ಚಾಗಿವೆಯೆಂದು ಪೆನ್‌ಫೀಲ್ಡ್ ಆಗ ತರ್ಕಿಸಿದರು. ಆದರೆ ತಮ್ಮ ಲೆಕ್ಕವನ್ನು ಅವರು ಮುಚ್ಚಿಡಲಿಲ್ಲ. 1963ರಲ್ಲಿ ಫಾನರ್ ಪೆರೋ ಅವರೊಡನೆ ಪ್ರಕಟಿಸಿದ ಸಮಗ್ರ ವರದಿಯಲ್ಲಿ 1,132 ರೋಗಿಗಳಿಗೆ ನಡೆದ 1,288 ಶಸ್ತ್ರಚಿಕಿತ್ಸೆಗಳನ್ನು ಪರಿಶೀಲಿಸಿದ್ದಾರೆ. ಟೆಂಪೊರಲ್ ಹಾಲೆಯನ್ನು ಪರೀಕ್ಷಿಸಿದ 520 ರೋಗಿಗಳಲ್ಲಿ ಇಂತಹ ಅನುಭವ ಬಂದದ್ದು 40 ಮಂದಿಗೆ ಮಾತ್ರ. ಉಳಿದವರಿಗೆ ಏಕೆ ಬರಲಿಲ್ಲ, ಬಂದದ್ದು ನಿಜವಾದ ನೆನಪೋ ಕನಸಿನಂತಹ ಕಲ್ಪನೆಯೋ ಎಂದು ನಂತರದ ವಿದ್ವಾಂಸರು ಪ್ರಶ್ನಿಸಿದರು. ಎಲ್ಲವೂ ಅಳಿಯದೆ ಉಳಿದಿದೆಯೆಂಬ ಅವರ ತರ್ಕವನ್ನು ಇಂದಿನ ನರವಿಜ್ಞಾನ ಒಪ್ಪುವುದಿಲ್ಲ. ಅದನ್ನು ಖಂಡಿಸಲು ಬೇಕಾದ ಅಂಕಿಗಳನ್ನು ಒದಗಿಸಿದವರೂ ಅವರೇ ಎಂಬುದು ಸ್ಮರಣೀಯ.

ಶಸ್ತ್ರದ ಅಪಾಯಗಳನ್ನೂ ಅವರು ಅಷ್ಟೇ ಬಿಚ್ಚುಮನಸ್ಸಿನಿಂದ ಲೋಕದ ಮುಂದಿಟ್ಟರು. ಎಡಬದಿಯ ಟೆಂಪೊರಲ್ ಹಾಲೆಯ ಭಾಗವನ್ನು ತೆಗೆದ ಮೇಲೆ ಇಬ್ಬರು ರೋಗಿಗಳು ಹೊಸತೇನನ್ನೂ ನೆನಪಿನಲ್ಲಿಡಲಾರದವರಾದರು. ಬುದ್ಧಿ ಕುಂದಿರಲಿಲ್ಲ, ಮಾತು ಕೆಟ್ಟಿರಲಿಲ್ಲ. ಕೆಲವು ನಿಮಿಷಗಳ ಹಿಂದಿನ ಸಂಗತಿ ಮಾತ್ರ ಅಳಿಸಿಹೋಗುತ್ತಿತ್ತು. ಸಂಸ್ಥೆಯ ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಅವರು ಈ ರೋಗಿಗಳನ್ನು ಕೂಲಂಕಷವಾಗಿ ಪರೀಕ್ಷಿಸಿದರು. ಬಲಬದಿಯ ಹಿಪ್ಪೊಕ್ಯಾಂಪಸ್ ಎಂಬ ಭಾಗ ಮೊದಲೇ ಹಾಳಾಗಿದ್ದಿರಬೇಕು, ಆದುದರಿಂದ ಎಡಬದಿಯದನ್ನು ತೆಗೆದಾಗ ನೆನಪಿನ ಎರಡು ದೀಪಗಳೂ ನಂದಿದುವು ಎಂದು ಅವರೀರ್ವರೂ ಊಹಿಸಿ 1955ರಲ್ಲಿ ವೈದ್ಯರ ಸಭೆಯಲ್ಲಿ ಬಹಿರಂಗವಾಗಿ ಮಂಡಿಸಿದರು. ಆ ರೋಗಿಗಳಲ್ಲೊಬ್ಬರು 1964ರಲ್ಲಿ ಬೇರೆ ಕಾರಣದಿಂದ ಮರಣ ಹೊಂದಿದಾಗ ನಡೆಸಿದ ಪರೀಕ್ಷೆಯಲ್ಲಿ ಬಲಬದಿಯ ಹಿಪ್ಪೊಕ್ಯಾಂಪಸ್ ಮುದುಡಿಹೋಗಿದ್ದುದು ಕಂಡು ಊಹೆ ನಿಜವಾಯಿತು. ಒಂದು ಬದಿಯ ಮಿದುಳನ್ನು ಕ್ಷಣಕಾಲ ನಿದ್ರೆಗೊಳಿಸಿ ಮತ್ತೊಂದು ಬದಿಯ ಶಕ್ತಿಯನ್ನು ಅಳೆಯುವ, ಜಪಾನಿನ ಜುನ್ ವಾಡಾ ಅವರ ಪರೀಕ್ಷೆಯನ್ನು ಮಾಂಟ್ರಿಯಲ್ಲಿನಲ್ಲಿ ಬಳಕೆಗೆ ತಂದ ಮೇಲೆ ಇಂತಹ ಅನಾಹುತವನ್ನು ಮುಂಚಿತವಾಗಿ ತಡೆಯುವ ದಾರಿ ತೆರೆಯಿತು.

1943ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ, 1953ರಲ್ಲಿ ಬ್ರಿಟಿಷ್ ರಾಣಿಯಿಂದ ಆರ್ಡರ್ ಆಫ್ ಮೆರಿಟ್, 1967ರಲ್ಲಿ ಕೆನಡಾ ದೇಶದ ಅತ್ಯುನ್ನತ ಗೌರವ ಇವೆಲ್ಲ ಅವರನ್ನು ಅರಸಿ ಬಂದುವು. 1960ರಲ್ಲಿ ಸಂಸ್ಥೆಯ ನಿರ್ದೇಶಕತ್ವದಿಂದ ನಿವೃತ್ತರಾದ ಮೇಲೆ ಲೇಖನಿಯನ್ನು ಹಿಡಿದರು. ಆ ಮುಂಚೆಯೇ, ತಾಯಿ ಬರೆಯತೊಡಗಿ ಅರ್ಧಕ್ಕೆ ಬಿಟ್ಟಿದ್ದ ಕಥೆಯ ಎಳೆಯನ್ನು ಹಿಡಿದು ಕಾದಂಬರಿಯೊಂದನ್ನು ರಚಿಸಿ 1954ರಲ್ಲಿ ಹೊರತಂದಿದ್ದರು; 1960ರಲ್ಲಿ ಪ್ರಾಚೀನ ಗ್ರೀಕ್ ವೈದ್ಯ ಹಿಪೊಕ್ರೆಟಿಸನ ಕುರಿತ ಕಾದಂಬರಿ ಪ್ರಕಟವಾಯಿತು. ವಿದ್ಯಾರ್ಥಿದೆಸೆಯಿಂದ ಆರಂಭಿಸಿ 1935ರಲ್ಲಿ ತಾಯಿ ತೀರಿಕೊಳ್ಳುವವರೆಗೆ ಅವರಿಗೆ ತಪ್ಪದೆ ಬರೆದ ಪತ್ರಗಳು ಆತ್ಮಚರಿತ್ರೆಗೆ ಆಧಾರವಾದುವು.

ಆದರೆ ವೃದ್ಧಾಪ್ಯದಲ್ಲಿ ಅವರನ್ನು ಆವರಿಸಿದ್ದ ಪ್ರಶ್ನೆ ಬೇರೆ. ಮಿದುಳಿನ ವ್ಯಾಪಾರವೇ ಮನಸ್ಸೋ, ಅಥವಾ ಮನಸ್ಸೆಂಬುದು ಬೇರೊಂದೋ? ವಿಜ್ಞಾನಿಯಾಗಿ ಅವರು ಆರಂಭಿಸಿದ್ದು ಮಿದುಳೇ ಎಲ್ಲವನ್ನೂ ವಿವರಿಸುವುದೆಂಬ ಎಣಿಕೆಯಿಂದ. ಶಸ್ತ್ರಶಾಲೆಯ ಅನುಭವ ಆ ಎಣಿಕೆಯನ್ನು ಅಲುಗಿಸಿತು. ಎಲೆಕ್ಟ್ರೋಡ್ ಸೋಂಕಿ ಕೈ ಮೇಲೆದ್ದಾಗ ರೋಗಿಗಳು ಅದನ್ನು ತಾವು ಎತ್ತಲಿಲ್ಲ, ವೈದ್ಯರೇ ಎತ್ತಿಸಿದರೆಂದು ಹೇಳುತ್ತಿದ್ದರು. ದಕ್ಷಿಣ ಆಫ್ರಿಕದ ತರುಣನೊಬ್ಬನು ಊರಿನ ಹೊಲಮನೆಯಲ್ಲಿ ಬಂಧುಗಳೊಡನೆ ನಗುತ್ತಿರುವಂತೆ ಕಂಡನು. ಅದೇ ಕ್ಷಣದಲ್ಲಿ ತಾನು ಮಾಂಟ್ರಿಯಲ್ಲಿನ ಶಸ್ತ್ರಶಾಲೆಯಲ್ಲಿ ಮಲಗಿರುವುದೂ ಅವನಿಗೆ ಚೆನ್ನಾಗಿ ತಿಳಿದಿತ್ತು. ದೃಶ್ಯವನ್ನು ತೋರಿಸಿದ್ದು ವಿದ್ಯುತ್ತು. ಆದರೆ ಅದನ್ನು ನೋಡಿ ಅಚ್ಚರಿಗೊಂಡವನು ಯಾರು? ಎಲ್ಲಿ ಮುಟ್ಟಿದರೂ ರೋಗಿ ಒಂದನ್ನು ನಂಬುವಂತೆಯಾಗಲೀ ಒಂದನ್ನು ಸಂಕಲ್ಪಿಸುವಂತೆಯಾಗಲೀ ಎಲೆಕ್ಟ್ರೋಡ್ ಮಾಡಲಿಲ್ಲವೆಂದು 1975ರಲ್ಲಿ ಪ್ರಕಟವಾದ ಮನಸ್ಸಿನ ರಹಸ್ಯವನ್ನು ಕುರಿತ ಗ್ರಂಥದಲ್ಲಿ ಅವರು ಬರೆದರು. ಮನಸ್ಸು ಮಿದುಳಿಗಿಂತ ಭಿನ್ನವಾದ ತತ್ತ್ವವಿರಬೇಕೆಂಬ ಕಡೆಗೆ ಅವರ ಒಲವು ಹರಿಯಿತು; ಅದನ್ನು ಸಿದ್ಧಾಂತವೆಂದು ಸಾರಲಿಲ್ಲ. ಸಂಕಲ್ಪದ ಪ್ರೇರಣೆಯನ್ನು ವಿದ್ಯುತ್ತಿನಿಂದ ಎಬ್ಬಿಸಬಹುದೆಂದು ಸೂಚಿಸುವ ಪ್ರಯೋಗಗಳು ನಂತರದ ಕಾಲದಲ್ಲಿ ನಡೆದಿವೆ. ಬಹುಪಾಲು ನರವಿಜ್ಞಾನಿಗಳು ಅವರ ನಿಲುವನ್ನು ಒಪ್ಪಿಲ್ಲ.

ಸರೋವರದ ತೀರದಲ್ಲಿದ್ದ ತಮ್ಮ ಹೊಲಮನೆಯ ಬಂಡೆಯೊಂದರ ಮೇಲೆ ಅವರು 1930ರ ದಶಕದಲ್ಲಿ ಎರಡು ಚಿತ್ರಗಳನ್ನು ಬರೆದಿದ್ದರು. ಒಂದೆಡೆ ಪ್ರಾಣಚೈತನ್ಯವನ್ನು ಸೂಚಿಸುವ ಗ್ರೀಕ್ ಶಬ್ದ, ಮತ್ತೊಂದೆಡೆ ಮಾನವನ ಶಿರಸ್ಸು; ಎರಡನ್ನೂ ಕೂಡಿಸುವ ಗಟ್ಟಿಯಾದ ಒಂದು ಗೆರೆ. ಬಾಳಿನ ಕೊನೆಯ ತಿಂಗಳುಗಳಲ್ಲಿ, ದೇಹ ಕುಗ್ಗಿದ್ದರೂ ಆ ಬಂಡೆಯ ಬಳಿಗೆ ಹೋಗಿ, ಗಟ್ಟಿ ಗೆರೆಯನ್ನು ತುಂಡು ಗೆರೆಯಾಗಿ ತಿದ್ದಿದರು. 1976ನೆಯ ಏಪ್ರಿಲ್ 5ರಂದು, ತಾವು ದುಡಿದ ರಾಯಲ್ ವಿಕ್ಟೋರಿಯಾ ಆಸ್ಪತ್ರೆಯಲ್ಲಿಯೇ, ಎಂಬತ್ತೈದನೆಯ ವಯಸ್ಸಿನಲ್ಲಿ ಪೆನ್‌ಫೀಲ್ಡ್ ಕಾಲವಶರಾದರು. ಕೆಲವೇ ವಾರಗಳ ಹಿಂದೆ ಮುಗಿಸಿದ್ದ ಆತ್ಮಚರಿತ್ರೆ 1977ರಲ್ಲಿ ಬೆಳಕು ಕಂಡಿತು.

ಅವರ ವಿದ್ಯೆ ಭಾರತಕ್ಕೆ ಬಂದದ್ದು ಶಿಷ್ಯಪರಂಪರೆಯಿಂದ. ಕೇರಳದ ಜೇಕಬ್ ಚಾಂಡಿ ಅವರು ಮಾಂಟ್ರಿಯಲ್ಲಿನಲ್ಲಿ ಪೆನ್‌ಫೀಲ್ಡ್ ಅವರ ಬಳಿ ತರಬೇತಿ ಪಡೆದು, 1949ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಭಾರತದ ಮೊತ್ತಮೊದಲ ನರಶಸ್ತ್ರವೈದ್ಯ ವಿಭಾಗವನ್ನು ತೆರೆದರು. ಕರ್ನಾಟಕದಲ್ಲಿ, ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1954ರಲ್ಲಿ ಸ್ಥಾಪನೆಗೊಂಡು, 1974ರಲ್ಲಿ ಅಲ್ಲಿಯ ಮಾನಸಿಕ ಆಸ್ಪತ್ರೆಯೊಡನೆ ಕೂಡಿ ನಿಮ್ಹಾನ್ಸ್ ಎಂಬ ಹೆಸರನ್ನು ತಳೆಯಿತು. ಅದರ ಪ್ರಥಮ ನಿರ್ದೇಶಕರಾದ ಆರ್. ಮಾರ್ತಾಂಡ ವರ್ಮ ಅವರು ಕಂಪವಾತದ ರೋಗಿಗಳಿಗೆ ಮಿದುಳಿನ ಆಳದ ಬಿಂದುವೊಂದನ್ನು ಗುರಿಯಿಟ್ಟು ಮಾಡುವ ಶಸ್ತ್ರಚಿಕಿತ್ಸೆಯಲ್ಲಿ ಹೆಸರಾದವರು. ಹುಬ್ಬಳ್ಳಿಯಲ್ಲಿ 1957ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾಯಿತು; ಧಾರವಾಡದಲ್ಲಿ ಬ್ರಿಟಿಷರ ಕಾಲದ ಮಾನಸಿಕ ಆಸ್ಪತ್ರೆ ಈಗ ಡಿಮ್ಹಾನ್ಸ್ ಎಂಬ ಸಂಸ್ಥೆಯಾಗಿದೆ.

ಎಲೆಕ್ಟ್ರೋಡ್ ಇಂದು ಶಸ್ತ್ರಶಾಲೆಯ ಉಪಕರಣವಾಗಿ ಉಳಿದಿಲ್ಲ, ದೇಹದೊಳಗೇ ನೆಲೆಸಿದೆ. 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್ ನಗರದ ಅಲೀಂ ಲೂಯಿ ಬೆನಾಬಿದ್ ಅವರು ಮಿದುಳಿನ ಆಳಕ್ಕೆ ಸತತವಾಗಿ ವೇಗದ ವಿದ್ಯುತ್ ಮಿಡಿತಗಳನ್ನು ಕೊಟ್ಟರೆ ಕೈನಡುಕ ನಿಲ್ಲುವುದನ್ನು ಕಂಡರು. ಎದೆಯ ಚರ್ಮದಡಿಯ ಪುಟ್ಟ ಯಂತ್ರಕ್ಕೆ ತಂತಿಯಿಂದ ಜೋಡಿಸಿದ ಇಂತಹ ಎಲೆಕ್ಟ್ರೋಡ್‌ಗಳನ್ನು ಬೆಂಗಳೂರಿನಲ್ಲಿಯೂ ಕಂಪವಾತದ ರೋಗಿಗಳಿಗೆ ಅಳವಡಿಸುತ್ತಾರೆ. 2004ರಲ್ಲಿ ಅಮೆರಿಕದಲ್ಲಿ ಕೈಕಾಲುಗಳ ಸ್ವಾಧೀನ ತಪ್ಪಿದ ತರುಣನೊಬ್ಬನ ಮಿದುಳಿನಲ್ಲಿ 96 ಸೂಜಿಮೊನೆಗಳ ಚಿಕ್ಕ ಫಲಕವನ್ನು ನೆಟ್ಟಾಗ ಅವನು ಬರಿಯ ಯೋಚನೆಯಿಂದ ಕಂಪ್ಯೂಟರಿನ ಸೂಚಕವನ್ನು ಚಲಿಸಿದನು. 2024ರಲ್ಲಿ ನ್ಯೂರಾಲಿಂಕ್ ಎಂಬ ಕಂಪನಿ 1,024 ಎಲೆಕ್ಟ್ರೋಡ್‌ಗಳ ಸಾಧನವನ್ನು ಮೊದಲ ಬಾರಿಗೆ ಮನುಷ್ಯನಲ್ಲಿ ಅಳವಡಿಸಿತು.

ಮೊನೆಗಳ ಸಂಖ್ಯೆ ಒಂದರಿಂದ ಸಾವಿರಕ್ಕೇರಿದೆ. ಪೆನ್‌ಫೀಲ್ಡ್ ಎದುರಿಸಿದ ಪ್ರಶ್ನೆ ಹಾಗೆಯೇ ಇದೆ. ಯಂತ್ರವು ಚಲಿಸಿದ ಕೈಯನ್ನು ರೋಗಿ ತನ್ನದೆನ್ನುವನೋ ಪರರದೆನ್ನುವನೋ, ನಡುಕ ನಿಂತ ಮೇಲೆ ಅವನ ಸ್ವಭಾವ ಮೊದಲಿನಂತೆಯೇ ಇದೆಯೋ ಬದಲಾಗಿದೆಯೋ ಎಂಬುದನ್ನು ಯಾವ ಉಪಕರಣವೂ ಅಳೆದು ಹೇಳಲಾರದು. ರೋಗಿಯೂ ಅವನ ಮನೆಯವರೂ ಹೇಳಬೇಕು. ಬಡ ತಾಯಿಯ ಛಲ, ಗುರುಗಳ ಔದಾರ್ಯ, ದಾನಿಗಳ ನಿಧಿ, ಸಹೋದ್ಯೋಗಿಗಳ ದುಡಿಮೆ ಇವೆಲ್ಲ ಕೂಡಿ ರೂಪುಗೊಂಡ ಆ ಮಹನೀಯರು ತಮ್ಮ ಗೆಲುವನ್ನೂ ಸೋಲನ್ನೂ ಒಂದೇ ಪುಸ್ತಕದಲ್ಲಿ ಬರೆದಿಟ್ಟು ಹೋದರು. ವೈದ್ಯವಿದ್ಯೆಯನ್ನಾಗಲೀ ಯಂತ್ರವಿದ್ಯೆಯನ್ನಾಗಲೀ ಕಲಿಯಹೊರಟ ತರುಣರು ಅವರ ಎಲೆಕ್ಟ್ರೋಡನ್ನಷ್ಟೇ ಅಲ್ಲದೆ, ಅದನ್ನು ಸೋಂಕಿಸಿದೊಡನೆ ರೋಗಿಯ ಮುಖವನ್ನು ನೋಡಿ ಏನಾಯಿತೆಂದು ವಿಚಾರಿಸಿ, ಉತ್ತರ ಬರುವತನಕ ಕಾಯುತ್ತಿದ್ದ ಅವರ ತಾಳ್ಮೆಯನ್ನೂ ಕಲಿಯುವುದು ಶ್ರೇಯಸ್ಕರ.